ಗಾಜಿನ ಮೇಲೆ ಒಂದು ಹನಿ ನೆತ್ತರು

ಬೆಂಗಳೂರಿನಿಂದ ಪುಣೆಯ ಕಡೆಗೆ ಸಾಗುವ ರೈಲುದಾರಿಯಲ್ಲಿ ಅರಸೀಕೆರೆಯನ್ನು ದಾಟಿದ ಮೇಲೆ ಕಡೂರು, ಬೀರೂರು, ಅಜ್ಜಂಪುರಗಳು ಒಂದಾದ ಮೇಲೊಂದು ಬರುತ್ತವೆ. ಬೀರೂರಿನಲ್ಲಿ ಕವಲೊಡೆದು ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲಿ ತರೀಕೆರೆ ಇದೆ. ಕಡೂರಿನದು ಬಯಲುಸೀಮೆ, ಕೆರೆಗಳ ನಾಡು. ಅಜ್ಜಂಪುರದ ಸುತ್ತ ಕಪ್ಪು ಮಣ್ಣಿನ ಹೊಲಗಳು, ಅಮೃತಮಹಲ್ ದನಗಳ ಕಾವಲುಗಳು. ತರೀಕೆರೆಯೋ ಮಲೆನಾಡಿನ ಬಾಗಿಲು. ಅದರ ಬೆನ್ನಿಗೆ ಬಾಬಾಬುಡನ್ ಗಿರಿಗಳು, ಅದರಾಚೆಗೆ ಭದ್ರಾ ನದಿಯ ಕಾಡುಕಣಿವೆ. ಹೀಗೆ ನೆಲವೂ ನೀರೂ ಬೇರೆ ಬೇರೆಯಾದ ಈ ಮೂರು ಊರುಗಳಿಗೂ ಹಿಂದಿನ ಕಾಲದಲ್ಲಿ ಒಬ್ಬ ಸಮಾನ ಶತ್ರುವಿದ್ದನು. ಅವನೇ ಚಳಿಜ್ವರ. 1947ರವರೆಗೆ ಕಡೂರು ಜಿಲ್ಲೆಯೆಂದು ಕರೆಯುತ್ತಿದ್ದ ಈ ಸೀಮೆಯಲ್ಲಿ, ಅದರಲ್ಲಿಯೂ ಅದರ ಮಲೆನಾಡಿನ ಭಾಗದಲ್ಲಿ, ಚಳಿಜ್ವರದ ಹೆಸರು ಕೇಳಿಯೇ ಬಯಲುಸೀಮೆಯವರು ಹೆಣ್ಣು ಕೊಡಲು ಹಿಂದೆಗೆಯುತ್ತಿದ್ದರು.

ಆ ಜ್ವರವನ್ನು ಗುರುತಿಸುವುದು ಹೇಗೆ? ಹಳೆಯ ವೈದ್ಯರು ನಾಡಿ ಹಿಡಿದು, ನಾಲಗೆ ನೋಡಿ, ಎಡಪಕ್ಕೆಯ ಕೆಳಗೆ ಬೆರಳೂರಿ ನೋಡುತ್ತಿದ್ದರು. ಅಲ್ಲಿ ಗುಲ್ಮವು ಊದಿಕೊಂಡು ಗಟ್ಟಿಯಾಗಿ ಕೈಗೆ ಸಿಕ್ಕಿದರೆ ಅದನ್ನು ಜ್ವರಗಡ್ಡೆಯೆನ್ನುತ್ತಿದ್ದರು. ಒಂದು ಊರಿನ ಮಕ್ಕಳಲ್ಲಿ ನೂರಕ್ಕೆ ಎಷ್ಟು ಮಂದಿಗೆ ಗುಲ್ಮ ಊದಿದೆಯೆಂದು ಎಣಿಸಿ ಆ ಊರಿನಲ್ಲಿ ಜ್ವರ ಎಷ್ಟಿದೆಯೆಂದು ಅಳೆಯುವ ಕ್ರಮವನ್ನು ಸರ್ಕಾರದ ವೈದ್ಯರೂ ಅನುಸರಿಸುತ್ತಿದ್ದರು. ಇದು ಸುಳ್ಳಲ್ಲದಿದ್ದರೂ ಪೂರ್ಣ ಸತ್ಯವೂ ಅಲ್ಲ. ಗುಲ್ಮ ಊದುವ ಹೊತ್ತಿಗೆ ರೋಗವು ಬಹಳ ಕಾಲದಿಂದ ಮನೆಮಾಡಿರುತ್ತದೆ. ನಿನ್ನೆ ಮೊನ್ನೆ ಬಂದ ಜ್ವರವು ಚಳಿಜ್ವರವೋ, ವಿಷಮಶೀತ ಜ್ವರವೋ, ಮತ್ತೊಂದೋ ಎಂದು ಕೈ ಹೇಳಲಾರದು. ಮೈ ಸುಡುವುದು ಎಲ್ಲ ಜ್ವರಗಳಿಗೂ ಒಂದೇ. ಮದ್ದು ಮಾತ್ರ ಒಂದೇ ಅಲ್ಲ.

ಕೈ ಹೇಳಲಾರದುದನ್ನು ಒಂದು ಹನಿ ನೆತ್ತರು ಹೇಳಬಲ್ಲದೆಂಬುದು ಇಂದು ಎಲ್ಲರಿಗೂ ತಿಳಿದಿದೆ. ಆದರೆ ಆ ಹನಿಯನ್ನು ಓದಲು ಮನುಷ್ಯನು ಕಲಿತದ್ದು ಸುಲಭವಾಗಿ ಅಲ್ಲ. ಹಾಗೆ ಓದಲು ತಿಣುಕಿ, ತಪ್ಪಿ, ಮತ್ತೆ ಓದಿ, ಕೊನೆಗೆ ಲೋಕಕ್ಕೇ ಓದಿಸಿದವನು ಸರ್ ರೊನಾಲ್ಡ್ ರಾಸ್. ಅವನ ಕಥೆಯ ಕೆಲವು ಮುಖ್ಯ ಪುಟಗಳು ನಮ್ಮ ಬೆಂಗಳೂರಿನಲ್ಲಿಯೇ ಬರೆಯಲ್ಪಟ್ಟವು.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ತಪ್ಪಲಿನ ಆಲ್ಮೋರದಲ್ಲಿ. ತಂದೆಯು ಭಾರತದ ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದನು. ಹತ್ತು ಮಕ್ಕಳಲ್ಲಿ ರೊನಾಲ್ಡನೇ ಹಿರಿಯವನು. ಎಂಟು ವರ್ಷದವನಾಗಿದ್ದಾಗ ಅವನನ್ನು ವಿದ್ಯಾಭ್ಯಾಸಕ್ಕೆಂದು ಇಂಗ್ಲೆಂಡಿನ ಬಂಧುಗಳ ಮನೆಗೆ ಕಳುಹಿಸಲಾಯಿತು. ಹುಡುಗನಿಗೆ ಕವಿತೆ, ಸಂಗೀತ, ಚಿತ್ರ, ಗಣಿತ ಎಲ್ಲವೂ ಪ್ರಿಯ. ವೈದ್ಯವೊಂದು ಮಾತ್ರ ಅಪ್ರಿಯ. ಆದರೆ ತಂದೆಗೆ ಮಗನು ಭಾರತದ ವೈದ್ಯಸೇವೆಗೆ ಸೇರಬೇಕೆಂಬ ಹಟ. 1874ರಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೊಮ್ಯೂ ಆಸ್ಪತ್ರೆಯ ವಿದ್ಯಾರ್ಥಿಯಾದ ರಾಸ್, ಪಾಠಕ್ಕಿಂತ ಪದ್ಯರಚನೆಯಲ್ಲಿ ಹೆಚ್ಚು ಹೊತ್ತು ಕಳೆದನು. ಬೇಕಾಗಿದ್ದ ಎರಡು ಪರೀಕ್ಷೆಗಳಲ್ಲಿ ಒಂದರಲ್ಲಿ ಸೋತು, ಕೆಲಕಾಲ ಅಟ್ಲಾಂಟಿಕ್ ಸಾಗರದಲ್ಲಿ ಓಡಾಡುವ ಹಡಗಿನ ವೈದ್ಯನಾಗಿದ್ದು, ಮತ್ತೆ ಕುಳಿತು ತೇರ್ಗಡೆಯಾಗಿ, 1881ರಲ್ಲಿ ಹೇಗೋ ಸೇವೆಗೆ ಸೇರಿದನು. ಮದ್ರಾಸು ಪ್ರಾಂತ್ಯಕ್ಕೆ ಅವನ ನೇಮಕವಾಯಿತು.

1883ರಲ್ಲಿ ರಾಸ್ ಬೆಂಗಳೂರಿನ ದಂಡಿನ ಹಂಗಾಮಿ ವೈದ್ಯನಾಗಿ ಬಂದನು. ಅವನಿಗೆ ದೊರೆತ ಬಂಗಲೆ ಅನುಕೂಲವಾಗಿಯೇ ಇದ್ದಿತು. ಸೊಳ್ಳೆಗಳ ಕಾಟವೊಂದು ಮಾತ್ರ ಹೇಳತೀರದು. ಮಿಕ್ಕ ಕೋಣೆಗಳಿಗಿಂತ ತನ್ನ ಕೋಣೆಯಲ್ಲಿಯೇ ಅವು ಹೆಚ್ಚಾಗಿರುವುದೇಕೆಂದು ಅವನು ಹುಡುಕಿದನು. ಕಿಟಕಿಯ ಹೊರಗೆ ಒಂದು ನೀರಿನ ಪೀಪಾಯಿ ಇದ್ದಿತು. ಇಣುಕಿ ನೋಡಿದರೆ ಅದರ ತುಂಬ ಕೊಂಕುತ್ತ ಈಜುವ ಮರಿಹುಳುಗಳು. ಪೀಪಾಯಿಯನ್ನು ಬೋರಲು ಹಾಕಿಸಿದನು, ಸೊಳ್ಳೆಗಳು ಇಳಿದುಹೋದವು. ಅಧಿಕಾರಿಗಳ ಭೋಜನಶಾಲೆಯ ಸುತ್ತ ಇದ್ದ ತೊಟ್ಟಿ, ಹೂಕುಂಡಗಳ ನೀರನ್ನೂ ಹೀಗೆಯೇ ಚೆಲ್ಲಿಸೋಣವೆಂದು ಅವನು ಸೂಚಿಸಿದಾಗ ದಂಡಿನ ಮೇಲಧಿಕಾರಿ ಒಪ್ಪಲಿಲ್ಲ. ಸೊಳ್ಳೆಗೂ ಚಳಿಜ್ವರಕ್ಕೂ ಇರುವ ಸಂಬಂಧವನ್ನು ಆಗ ಯಾರೂ ಅರಿತಿರಲಿಲ್ಲ. ರಾಸ್ ಕೂಡ ಅರಿತಿರಲಿಲ್ಲ. ಆದರೂ ನಿಂತ ನೀರನ್ನು ಚೆಲ್ಲಿದರೆ ಸೊಳ್ಳೆ ಇರುವುದಿಲ್ಲವೆಂಬ ಪಾಠವನ್ನು ಅವನು ಕಲಿತದ್ದು ಬೆಂಗಳೂರಿನ ಆ ಪೀಪಾಯಿಯಿಂದಲೇ.

ಅನಂತರ ಏಳೆಂಟು ವರ್ಷಗಳು ಗುರಿಯಿಲ್ಲದೆ ಕಳೆದುವು. 1888ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋದ ರಾಸ್, ಸಾರ್ವಜನಿಕ ಆರೋಗ್ಯದ ಪದವಿಯನ್ನು ಪಡೆದು, ಆಗ ಹೊಸದಾಗಿದ್ದ ಸೂಕ್ಷ್ಮಜೀವಿಶಾಸ್ತ್ರದ ಪಾಠವನ್ನೂ ಕೇಳಿದನು. ಸೂಕ್ಷ್ಮದರ್ಶಕವನ್ನು ಹಿಡಿಯುವುದು ಅವನಿಗೆ ಅಭ್ಯಾಸವಾದದ್ದು ಆಗಲೇ. 1889ರಲ್ಲಿ ಮದುವೆಯಾಗಿ, ಹೆಂಡತಿಯೊಡನೆ ಭಾರತಕ್ಕೆ ಮರಳಿ, 1890ರಿಂದ ಮತ್ತೆ ಬೆಂಗಳೂರಿನಲ್ಲಿ ಕೆಲಸಕ್ಕೆ ನಿಂತನು.

ಇದಕ್ಕೆ ಹತ್ತು ವರ್ಷ ಮೊದಲೇ, 1880ರ ನವೆಂಬರ್ 6ರಂದು, ಆಲ್ಜೀರಿಯದಲ್ಲಿದ್ದ ಲಾವೆರಾನ್ ಎಂಬ ಫ್ರೆಂಚ್ ಸೈನ್ಯದ ವೈದ್ಯನು ಚಳಿಜ್ವರದ ರೋಗಿಯ ರಕ್ತದಲ್ಲಿ ಒಂದು ವಿಚಿತ್ರ ಜೀವಿಯನ್ನು ಕಂಡಿದ್ದನು. ಅದರ ಒಡಲಿನಲ್ಲಿ ಕಪ್ಪು ಕಣಗಳಿದ್ದುವು; ಅದು ಬಾಲಗಳನ್ನು ಬೀಸುತ್ತ ಅಲುಗುತ್ತಿದ್ದಿತು. ಇದೇ ಚಳಿಜ್ವರದ ಕಾರಣವೆಂದು ಲಾವೆರಾನ್ ಸಾರಿದನು. ರಾಸ್ ಬೆಂಗಳೂರಿನಲ್ಲಿ ಜ್ವರದ ರೋಗಿಗಳ ಬೆರಳು ಚುಚ್ಚಿ, ರಕ್ತವನ್ನು ಗಾಜಿನ ಮೇಲಿಟ್ಟು, ಗಂಟೆಗಟ್ಟಲೆ ಹುಡುಕಿದನು. ಲಾವೆರಾನ್ ಹೇಳಿದ ಜೀವಿ ಅವನಿಗೆ ಕಾಣಲಿಲ್ಲ. ಕಾಣಲಿಲ್ಲವಾದ್ದರಿಂದ ಇಲ್ಲವೆಂದೇ ತೀರ್ಮಾನಿಸಿ, ಚಳಿಜ್ವರವು ಕರುಳಿನಲ್ಲಿ ಹುಟ್ಟುವ ವಿಷದಿಂದ ಬರುತ್ತದೆಂದು ವಾದಿಸಿ ಲೇಖನಗಳನ್ನೂ ಪ್ರಕಟಿಸಿದನು. ಕಾಣದಿರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರವನ್ನು ಅವನು ಇನ್ನೂ ಅರಿತಿರಲಿಲ್ಲ. ದೋಷವು ಅವನ ಕಣ್ಣಿನದಲ್ಲ, ವಿಧಾನದ್ದು. ಯಾವ ಹೊತ್ತಿನಲ್ಲಿ ರಕ್ತ ತೆಗೆಯಬೇಕು, ಎಷ್ಟು ತೆಳುವಾಗಿ ಹರಡಬೇಕು, ರಕ್ತಕಣದ ಸಹಜವಾದ ಸೀಳು ಗುಳಿಗಳು ಯಾವುವು, ನಿಜವಾದ ಜೀವಿ ಯಾವುದು ಎಂಬುದನ್ನು ಬಲ್ಲವನೊಬ್ಬನು ಪಕ್ಕದಲ್ಲಿ ನಿಂತು ತೋರಿಸಿಕೊಡಬೇಕಾಗಿದ್ದಿತು.

ಅಂಥವನು 1894ರಲ್ಲಿ ದೊರೆತನು. ರಜೆಯಲ್ಲಿ ಲಂಡನ್ನಿಗೆ ಹೋಗಿದ್ದ ರಾಸ್, ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯನನ್ನು ಕಂಡನು. ಚೀನಾದಲ್ಲಿ ಬಹುಕಾಲವಿದ್ದ ಮ್ಯಾನ್ಸನ್, ಆನೆಕಾಲು ರೋಗದ ಹುಳುವು ಸೊಳ್ಳೆಯ ಒಡಲಿನಲ್ಲಿ ಬೆಳೆಯುವುದನ್ನು 1877ರಲ್ಲಿಯೇ ಕಂಡುಹಿಡಿದಿದ್ದನು. ಅವನು ರಾಸ್‌ನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ಲಾವೆರಾನನ ಜೀವಿಯನ್ನು ತೋರಿಸಿದನು. ಎರಡು ವರ್ಷ ಇಲ್ಲವೆಂದು ವಾದಿಸಿದ್ದು ಈಗ ಕಣ್ಣೆದುರಿಗೆ ಇದ್ದಿತು. ಈ ಜೀವಿಯನ್ನು ರೋಗಿಯ ರಕ್ತದಿಂದ ಹೊರಕ್ಕೆ ಒಯ್ಯುವುದು ಸೊಳ್ಳೆಯೇ ಇರಬೇಕೆಂಬ ತನ್ನ ಊಹೆಯನ್ನೂ ಮ್ಯಾನ್ಸನ್ ತಿಳಿಸಿದನು. ಆದರೆ ಸೊಳ್ಳೆಯು ನೀರಿನಲ್ಲಿ ಬಿದ್ದು ಸಾಯುತ್ತದೆ, ಆ ನೀರನ್ನು ಕುಡಿದವನಿಗೆ ಜ್ವರ ಬರುತ್ತದೆ ಎಂಬುದು ಅವನ ಎಣಿಕೆ. ಅರ್ಧ ಸರಿ, ಅರ್ಧ ತಪ್ಪು. ಆ ಊಹೆಯನ್ನು ಗಂಟುಕಟ್ಟಿಕೊಂಡು ರಾಸ್ 1895ರಲ್ಲಿ ಸಿಕಂದರಾಬಾದಿನ ದಂಡಿಗೆ ಬಂದನು.

ಅಲ್ಲಿ ಅವನು ಸೊಳ್ಳೆಗಳನ್ನು ಸಾಕಿ, ಜ್ವರದ ರೋಗಿಗಳ ಮೇಲೆ ಕಚ್ಚಲು ಬಿಟ್ಟು, ಅವುಗಳ ಹೊಟ್ಟೆಯನ್ನು ಸೀಳಿ ನೋಡತೊಡಗಿದನು. ಸೊಳ್ಳೆ ಸತ್ತ ನೀರನ್ನು ಒಪ್ಪಿದವರಿಗೆ ಕುಡಿಸಿಯೂ ನೋಡಿದನು. ಇಂದಿನ ನೀತಿಯಲ್ಲಿ ಅಂಥ ಪ್ರಯೋಗವನ್ನು ಯಾರೂ ಒಪ್ಪರು. ಅಂದು ಅದು ನಡೆಯಿತು, ಫಲವೇನೂ ದೊರೆಯಲಿಲ್ಲ. ಅವನು ಹಿಡಿದ ಸೊಳ್ಳೆಗಳೆಲ್ಲ ಬೂದು ಬಣ್ಣದವು ಅಥವಾ ಪಟ್ಟೆಯುಳ್ಳವು. ಚಳಿಜ್ವರವನ್ನು ಹೊರುವ ಜಾತಿಯೇ ಬೇರೆಯೆಂಬುದು ತಿಳಿಯದೆ ಅವನು ತಿಂಗಳುಗಟ್ಟಲೆ ತಪ್ಪು ಸೊಳ್ಳೆಯ ಹೊಟ್ಟೆಯಲ್ಲಿ ಸರಿಯಾದ ಜೀವಿಯನ್ನು ಹುಡುಕಿದನು. ಇಷ್ಟರಲ್ಲಿ, 1895ರ ಸೆಪ್ಟೆಂಬರಿನಲ್ಲಿ, ಕಾಲರಾ ಹಬ್ಬಿದ್ದ ಬೆಂಗಳೂರಿಗೆ ಅವನ ವರ್ಗವಾಯಿತು. ಚರಂಡಿ, ಬಾವಿ, ಕಸದ ತಿಪ್ಪೆಗಳ ನಡುವೆ ಅವನ ದಿನಗಳು ಕಳೆದುವು. ಸೊಳ್ಳೆಯ ಕೆಲಸ ಹಿಂದೆ ಬಿದ್ದಿತು. ಒಬ್ಬ ಸಂಶೋಧಕನ ದೃಷ್ಟಿಯಿಂದ ಇದು ಕಾಲಹರಣವೆಂದು ತೋರಬಹುದು. ಆದರೆ ಒಂದು ಊರನ್ನು ಶುಚಿಯಾಗಿಡಲು ಎಷ್ಟು ಮಂದಿಯ ದುಡಿಮೆ ಬೇಕು, ಎಷ್ಟು ಮಂದಿಯ ಉದಾಸೀನವನ್ನು ಗೆಲ್ಲಬೇಕು ಎಂಬುದನ್ನು ಬೆಂಗಳೂರಿನ ಬೀದಿಗಳು ಅವನಿಗೆ ಕಲಿಸಿದುವು. 1897ರ ಬೇಸಗೆಯಲ್ಲಿ ಉದಕಮಂಡಲಕ್ಕೆ ಹೋಗಿ, ಅಲ್ಲಿಂದ ಕೆಳಗಿನ ಸೀಗೂರು ಘಟ್ಟದ ಕಾಡಿನಲ್ಲಿ ಜ್ವರವನ್ನು ಹುಡುಕುತ್ತಿದ್ದಾಗ, ಸ್ವತಃ ಅವನಿಗೇ ಚಳಿಜ್ವರ ಹಿಡಿಯಿತು.

ಆ ವರ್ಷದ ಜೂನಿನಲ್ಲಿ ಅವನು ಮತ್ತೆ ಸಿಕಂದರಾಬಾದಿಗೆ ಬಂದನು. ಆಗಸ್ಟ್ ತಿಂಗಳು, ಮೋಡ ಕವಿದು ಗಾಳಿಯಾಡದ ಸೆಕೆ. ಸೊಳ್ಳೆಯ ಸಣ್ಣ ಅಂಗಾಂಗಗಳು ಹಾರಿಹೋದಾವೆಂದು ಪಂಖವನ್ನು ಎಳೆಸುವಂತಿಲ್ಲ. ಹಣೆಯಿಂದ ಇಳಿದ ಬೆವರಿಗೆ ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದುವು. ಉಳಿದಿದ್ದ ಒಂದೇ ಕಣ್ಣುಗಾಜು ಬಿರುಕು ಬಿಟ್ಟಿದ್ದಿತು. ಸಣ್ಣ ನೊಣಗಳು ಕಣ್ಣಿಗೂ ಕಿವಿಗೂ ಮುತ್ತುತ್ತಿದ್ದುವು. ಹೀಗಿರುವಾಗ ಅವನ ಸಹಾಯಕನೊಬ್ಬನು ತಂದುಕೊಟ್ಟ ಮರಿಹುಳುಗಳಿಂದ ಕಂದುಬಣ್ಣದ, ರೆಕ್ಕೆಯ ಮೇಲೆ ಮಚ್ಚೆಗಳುಳ್ಳ, ಬಾಲವನ್ನು ಮೇಲಕ್ಕೆತ್ತಿ ಕೂರುವ ಸೊಳ್ಳೆಗಳು ಹೊರಬಂದುವು. ನಾವು ಇಂದು ಅನಾಫಿಲಿಸ್ ಎನ್ನುವ ಸೊಳ್ಳೆ ಇದೇ. ಆಗಸ್ಟ್ 16ರಂದು ಅವುಗಳನ್ನು ಹುಸೇನ್ ಖಾನ್ ಎಂಬ ರೋಗಿಯನ್ನು ಕಚ್ಚಲು ಬಿಡಲಾಯಿತು. ಸೊಳ್ಳೆಯೊಂದಕ್ಕೆ ಒಂದು ಆಣೆಯಂತೆ ಅವನಿಗೆ ಕೂಲಿ. ಲೋಕದ ವೈದ್ಯಶಾಸ್ತ್ರವು ಈ ಬಡ ರೋಗಿಗೆ ಎಷ್ಟು ಆಣೆಗಳ ಸಾಲವನ್ನು ಹೊತ್ತಿದೆಯೆಂದು ಲೆಕ್ಕ ಹಾಕಿದವರಿಲ್ಲ.

ಕಚ್ಚಿದ ಸೊಳ್ಳೆಗಳಲ್ಲಿ ಕೆಲವು ತಾವಾಗಿ ಸತ್ತುವು. ಕೆಲವನ್ನು ಸೀಳಿದಾಗ ಏನೂ ಕಾಣಲಿಲ್ಲ. ಆಗಸ್ಟ್ 20ರಂದು ಉಳಿದಿದ್ದವು ಎರಡೇ. ಮಧ್ಯಾಹ್ನದ ಹೊತ್ತಿಗೆ ಅವುಗಳಲ್ಲಿ ಒಂದನ್ನು ಸೀಳಿ, ಹೊಟ್ಟೆಯ ಗೋಡೆಯನ್ನು ಅಂಗುಲ ಅಂಗುಲವಾಗಿ ಅಲ್ಲ, ಕೂದಲೆಳೆ ಕೂದಲೆಳೆಯಾಗಿ ನೋಡುತ್ತ ಹೋದನು. ಕಣ್ಣು ಸೋತಿದ್ದಿತು. ಬಿಟ್ಟುಬಿಡೋಣವೆನ್ನಿಸುವ ಹೊತ್ತಿಗೆ ಗೋಡೆಯೊಳಗೆ ಒಂದು ದುಂಡನೆಯ ಕೋಶ ಕಂಡಿತು. ಅದರೊಳಗೆ ಕಪ್ಪು ಕಣಗಳಿದ್ದುವು. ರೋಗಿಯ ರಕ್ತದಲ್ಲಿರುವ ಜೀವಿಯ ಒಡಲಿನಲ್ಲಿ ಲಾವೆರಾನ್ ಕಂಡಿದ್ದವೂ ಅಂಥವೇ ಕಣಗಳು. ಮರುದಿನ ಕೊನೆಯ ಸೊಳ್ಳೆಯನ್ನು ಸೀಳಿದಾಗ ಅದೇ ಕೋಶಗಳು ಇನ್ನೂ ದೊಡ್ಡವಾಗಿದ್ದುವು. ಎಂದರೆ ಅವು ಜೀವಂತವಾಗಿದ್ದು ಬೆಳೆಯುತ್ತಿದ್ದುವು. ಒಂದೇ ಸೊಳ್ಳೆಯನ್ನು ನೋಡಿ ನಿಲ್ಲಿಸಿದ್ದರೆ ಇದು ತಿಳಿಯುತ್ತಿರಲಿಲ್ಲ. ಕವಿಹೃದಯದ ರಾಸ್ ಆ ಸಂತೋಷದಲ್ಲಿ ಪದ್ಯವನ್ನೂ ಬರೆದನು. ಆದರೆ ವೈದ್ಯಪತ್ರಿಕೆಗೆ ಕಳುಹಿಸಿದ ಬರಹದಲ್ಲಿ ಕಂಡಷ್ಟನ್ನೇ ಹೇಳಿದನು. ಅದು ಆ ವರ್ಷದ ಡಿಸೆಂಬರ್ 18ರಂದು ಬೆಳಕು ಕಂಡಿತು.

ಇನ್ನೇನು ಮುಗಿಯಿತೆನ್ನುವಾಗ ಸರ್ಕಾರವು ಅವನನ್ನು ರಾಜಪುತಾನದ ಖೇರ್ವಾಡಾ ಎಂಬಲ್ಲಿಗೆ ವರ್ಗ ಮಾಡಿತು. ಅಲ್ಲಿ ಚಳಿಜ್ವರದ ರೋಗಿಗಳೇ ದೊರೆಯಲಿಲ್ಲ. ಮ್ಯಾನ್ಸನ್ ಮುಂತಾದವರು ಒತ್ತಾಯಿಸಿದ ಮೇಲೆ 1898ರ ಆರಂಭದಲ್ಲಿ ಕಲ್ಕತ್ತೆಯ ಒಂದು ಪ್ರಯೋಗಶಾಲೆಯಲ್ಲಿ ಅವನಿಗೆ ಸ್ಥಳ ದೊರೆಯಿತು. ಪ್ಲೇಗಿನ ಚುಚ್ಚುಮದ್ದಿನ ಭಯದಿಂದ ಕಲ್ಕತ್ತೆಯ ಜನ ಸೂಜಿಯೆಂದರೆ ಓಡುತ್ತಿದ್ದರು. ರಾಸ್ ಹಕ್ಕಿಗಳ ಕಡೆಗೆ ತಿರುಗಿದನು. ಹಕ್ಕಿಗಳಿಗೂ ಒಂದು ಬಗೆಯ ಚಳಿಜ್ವರವುಂಟು. ಮಹಮ್ಮದ್ ಬಕ್ಷ್ ಎಂಬ ನಿಷ್ಠಾವಂತ ಸಹಾಯಕನೊಡನೆ ದುಡಿದು, ಜುಲೈ ತಿಂಗಳಿನಲ್ಲಿ ಅವನು ಆ ಜೀವಿಯ ಕೊನೆಯ ಹೆಜ್ಜೆಯನ್ನು ಕಂಡನು: ಕೋಶಗಳು ಒಡೆದು ಹೊರಬಿದ್ದ ಸಣ್ಣ ಕಡ್ಡಿಯಂಥ ಜೀವಿಗಳು ಸೊಳ್ಳೆಯ ಜೊಲ್ಲಿನ ಗ್ರಂಥಿಗಳಲ್ಲಿ ಬಂದು ನೆರೆದಿದ್ದುವು. ಅಂಥ ಸೊಳ್ಳೆಗಳು ಕಚ್ಚಿದ ಆರೋಗ್ಯವಂತ ಗುಬ್ಬಿಗಳು ರೋಗಕ್ಕೆ ಬಿದ್ದುವು. ನೀರು ಕುಡಿಯುವ ಮಾತು ಅಲ್ಲಿಗೆ ಬಿದ್ದುಹೋಯಿತು. ರೋಗವು ಕಚ್ಚಿನಿಂದಲೇ ಬರುತ್ತದೆ. ಅದೇ ವರ್ಷ ಇಟಲಿಯ ಗ್ರಾಸ್ಸಿ ಮತ್ತು ಅವನ ಗೆಳೆಯರು ಮನುಷ್ಯರ ಚಳಿಜ್ವರವೂ ಅನಾಫಿಲಿಸ್ ಸೊಳ್ಳೆಯಿಂದ ಬರುವುದನ್ನು ತೋರಿಸಿದರು. ಯಾರು ಮೊದಲು ಎಂಬ ಜಗಳವು ಇಬ್ಬರ ಬಾಳನ್ನೂ ಕಹಿಯಾಗಿಸಿತು. ಅದರಲ್ಲಿ ರಾಸ್ ಆಡಿದ ಬಿರುಸು ನುಡಿಗಳು ಅವನ ದೊಡ್ಡತನಕ್ಕೆ ಒಪ್ಪುವಂಥವಲ್ಲ. 1902ರ ನೊಬೆಲ್ ಬಹುಮಾನವು ರಾಸ್‌ಗೆ ದೊರೆಯಿತು. ಲಾವೆರಾನ್‌ಗೆ 1907ರಲ್ಲಿ ದೊರೆಯಿತು. ಗ್ರಾಸ್ಸಿಗೆ ದೊರೆಯಲೇ ಇಲ್ಲ.

1899ರಲ್ಲಿ ಭಾರತವನ್ನು ಬಿಟ್ಟು ಲಿವರ್‌ಪೂಲಿನಲ್ಲಿ ಉಪಾಧ್ಯಾಯನಾದ ಮೇಲೆ ರಾಸ್ ಮಾಡಿದ ಒಂದು ಕೆಲಸವು, ನೊಬೆಲ್ ಬಹುಮಾನದ ಸದ್ದಿನಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಅದು ರೋಗಪತ್ತೆಯ ಒಂದು ಸರಳ ವಿಧಾನ. ಸಾಮಾನ್ಯವಾಗಿ ರಕ್ತವನ್ನು ಪರೀಕ್ಷಿಸಲು ಅದನ್ನು ಗಾಜಿನ ಮೇಲೆ ಬಹು ತೆಳುವಾಗಿ, ರಕ್ತಕಣಗಳು ಒಂದರ ಪಕ್ಕದಲ್ಲೊಂದು ಒಂದೇ ಪದರವಾಗಿ ನಿಲ್ಲುವಂತೆ ಸವರುತ್ತಾರೆ. ಒಂದು ಕೆಂಪು ರಕ್ತಕಣದ ಅಗಲವು ಮಿಲಿಮೀಟರಿನ ಸಾವಿರದಲ್ಲಿ ಸುಮಾರು ಏಳು ಭಾಗ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಅಂಥವು ಸುಮಾರು 50 ಲಕ್ಷ ಇರುತ್ತವೆ. ಇಷ್ಟು ಕಣಗಳಲ್ಲಿ ರೋಗಜೀವಿ ಹೊಕ್ಕವು ಕೆಲವೇ ಇದ್ದರೆ, ತೆಳುವಾದ ಲೇಪದಲ್ಲಿ ಅವನ್ನು ಹುಡುಕುವುದು ರಾಶಿಯಲ್ಲಿ ಒಂದು ಕಾಳನ್ನು ಹುಡುಕಿದಂತೆ. ಬೆಂಗಳೂರಿನಲ್ಲಿ ಕಾಣಲಿಲ್ಲವೆಂದು ಸೋತವನಿಗೆ ಈ ಕಷ್ಟವು ಚೆನ್ನಾಗಿ ಗೊತ್ತಿದ್ದಿತು. 1903ರಲ್ಲಿ ಅವನು ಪ್ರಕಟಿಸಿದ ಉಪಾಯವಿದು: ರಕ್ತವನ್ನು ದಪ್ಪವಾಗಿಯೇ ಬಿಟ್ಟು ಒಣಗಿಸುವುದು, ಬಳಿಕ ನೀರಿನಿಂದ ಅದರ ಕೆಂಪು ಬಣ್ಣವನ್ನು ತೊಳೆದುಬಿಡುವುದು. ಆಗ ರಕ್ತಕಣಗಳು ಕರಗಿಹೋಗಿ, ಹಲವು ಪದರಗಳಲ್ಲಿದ್ದ ರೋಗಜೀವಿಗಳೆಲ್ಲ ಒಂದೇ ನೋಟದಲ್ಲಿ ಸಿಕ್ಕುತ್ತವೆ. ತೆಳುಲೇಪದಲ್ಲಿ ಬಹಳ ಹೊತ್ತು ಹುಡುಕಿ ಕಾಣಬೇಕಾದುದು ದಪ್ಪಲೇಪದಲ್ಲಿ ಕೆಲವು ನಿಮಿಷಗಳಲ್ಲಿಯೇ ಕಾಣುತ್ತದೆ.

ಈ ದಪ್ಪಲೇಪವೇ ಇಂದಿಗೂ ಕಡೂರು, ತರೀಕೆರೆ, ಅಜ್ಜಂಪುರಗಳ ಸರ್ಕಾರಿ ಆಸ್ಪತ್ರೆಗಳಂಥ ಕಡೆಗಳಲ್ಲಿ ಜ್ವರದ ರಕ್ತಪರೀಕ್ಷೆಗೆ ಮೊದಲ ಹೆಜ್ಜೆ. ಅದರ ಕ್ರಮವನ್ನು ತಿಳಿದುಕೊಳ್ಳುವುದು ಉಚಿತ. ಮೊದಲು ಗಾಜಿನ ಫಲಕವು ಜಿಡ್ಡಿಲ್ಲದೆ ಶುಚಿಯಾಗಿರಬೇಕು. ಬೆರಳ ಗುರುತು ಬಿದ್ದರೂ ರಕ್ತ ಸರಿಯಾಗಿ ಹರಡದು. ರೋಗಿಯ ಎಡಗೈಯ ಉಂಗುರದ ಬೆರಳನ್ನು ಸ್ಪಿರಿಟ್ಟಿನಿಂದ ಒರೆಸಿ, ಅದು ಆರಿದ ಮೇಲೆ, ಒಬ್ಬರಿಗೆ ಒಂದೇ ಸಲ ಬಳಸುವ ಹೊಸ ಸೂಜಿಯಿಂದ ಬೆರಳ ತುದಿಯ ಪಕ್ಕದಲ್ಲಿ ಚುಚ್ಚುತ್ತಾರೆ. ಹೆಚ್ಚು ಕೆಲಸ ಮಾಡುವ ಕೈಯ ಬೆರಳಿಗೆ ನೋವಾಗಬಾರದೆಂದೇ ಎಡಗೈಯ ಆಯ್ಕೆ. ಮೊದಲ ಹನಿಯನ್ನು ಒರೆಸಿಬಿಡುತ್ತಾರೆ. ಅನಂತರದ ಹನಿಯನ್ನು ಫಲಕದ ಒಂದು ಕಡೆ ಮುಟ್ಟಿಸಿ, ಇನ್ನೊಂದು ಫಲಕದ ಮೂಲೆಯಿಂದ ಸಣ್ಣ ಬಿಲ್ಲೆಯಷ್ಟು ಅಗಲಕ್ಕೆ ಹರಡಿದರೆ ಅದು ದಪ್ಪಲೇಪ. ಮತ್ತೊಂದು ಪುಟ್ಟ ಹನಿಯನ್ನು ಅದೇ ಫಲಕದ ಉಳಿದ ಭಾಗದಲ್ಲಿ ನಾಲಗೆಯ ಆಕಾರಕ್ಕೆ ಎಳೆದರೆ ಅದು ತೆಳುಲೇಪ. ದಪ್ಪಲೇಪವು ರೋಗಜೀವಿ ಇದೆಯೇ ಎಂಬುದನ್ನು ಹೇಳುತ್ತದೆ. ಯಾವ ಜಾತಿಯದೆಂಬುದನ್ನು ತೆಳುಲೇಪವು ಹೇಳುತ್ತದೆ. ಜಾತಿಯನ್ನು ತಿಳಿಯುವುದು ಒಣ ಪಾಂಡಿತ್ಯಕ್ಕಲ್ಲ. ಬಾಳೆಕಾಯಿಯಂತೆ ಬಾಗಿದ ರೂಪಗಳನ್ನು ತೋರುವ ಫಾಲ್ಸಿಪಾರಂ ಎಂಬ ಜಾತಿಯು ಮಿದುಳಿಗೇರಿ ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯಬಲ್ಲದು. ವೈವ್ಯಾಕ್ಸ್ ಎಂಬುದು ಪಿತ್ತಜನಕಾಂಗದಲ್ಲಿ ಅಡಗಿದ್ದು ತಿಂಗಳುಗಳ ಬಳಿಕ ಮರಳಿ ಬರಬಲ್ಲದು. ಎರಡಕ್ಕೂ ಮದ್ದಿನ ಕ್ರಮ ಬೇರೆ.

ಫಲಕದ ಮೇಲೆ ರೋಗಿಯ ಸಂಖ್ಯೆಯನ್ನು ಬರೆದು, ಅದೇ ಸಂಖ್ಯೆಯನ್ನು ಪುಸ್ತಕದಲ್ಲಿಯೂ ಬರೆಯುತ್ತಾರೆ. ಇದು ಗುಮಾಸ್ತಿಕೆಯ ಕೆಲಸವೆಂದು ಹಗುರವಾಗಿ ಎಣಿಸಬಾರದು. ಸಂಖ್ಯೆ ತಪ್ಪಿದ ಫಲಕಕ್ಕಿಂತ ಫಲಕವೇ ಇಲ್ಲದಿರುವುದು ಲೇಸು. ಒಣಗಿದ ಲೇಪಗಳಿಗೆ ಬಣ್ಣ ಹಾಕಬೇಕು. ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಸುವ ಬಣ್ಣವನ್ನು ಜಸವಂತ ಸಿಂಗ್ ಮತ್ತು ಭಟ್ಟಾಚಾರ್ಜಿ ಎಂಬ ಇಬ್ಬರು ಭಾರತೀಯ ವಿಜ್ಞಾನಿಗಳು 1944ರಲ್ಲಿ ಸಿದ್ಧಪಡಿಸಿದರು. ಅವರ ಹೆಸರಿನ ಮೊದಲ ಅಕ್ಷರಗಳಿಂದ ಅದಕ್ಕೆ ಜೆ.ಎಸ್.ಬಿ. ಎಂಬ ಹೆಸರು. ಬಣ್ಣ ಹಾಕಿದ ಲೇಪದಲ್ಲಿ ರೋಗಜೀವಿಯ ತಿರುಳು ಕೆಂಪಾಗಿಯೂ ಒಡಲು ನೀಲಿಯಾಗಿಯೂ ಕಾಣುತ್ತದೆ; ಎಳೆಯ ಜೀವಿಯು ಕಲ್ಲು ಕೂರಿಸಿದ ಉಂಗುರದಂತಿರುತ್ತದೆ. ಫಲಕದ ಮೇಲೆ ಒಂದು ತೊಟ್ಟು ಎಣ್ಣೆಯಿಟ್ಟು, ಸೂಕ್ಷ್ಮದರ್ಶಕದ ಅತಿ ಶಕ್ತಿಯ ಮಸೂರವನ್ನು ಅದಕ್ಕೆ ತಾಗಿಸಿ ನೋಡುತ್ತಾರೆ. ಏನೂ ಕಾಣಲಿಲ್ಲವೆಂದು ಬರೆಯುವ ಮೊದಲು ದಪ್ಪಲೇಪದ ಕನಿಷ್ಠ 100 ನೋಟಗಳನ್ನು ನೋಡಿರಬೇಕೆಂಬುದು ನಿಯಮ. 99ರವರೆಗೆ ಬರಿದಾಗಿದ್ದು ನೂರನೆಯದರಲ್ಲಿ ಒಂದು ಉಂಗುರ ಕಾಣಬಹುದು. ನೂರರಲ್ಲಿಯೂ ಕಾಣದಿದ್ದರೆ ಕಾಣಲಿಲ್ಲವೆಂದು ಬರೆಯುತ್ತಾರೆಯೇ ಹೊರತು ರೋಗವಿಲ್ಲವೆಂದು ಬರೆಯುವುದಿಲ್ಲ. ಜ್ವರ ಮುಂದುವರಿದರೆ ಮತ್ತೆ ರಕ್ತ ತೆಗೆಯುತ್ತಾರೆ. ಈಗ ಕೆಲವೇ ನಿಮಿಷಗಳಲ್ಲಿ ಗೆರೆ ಮೂಡಿಸಿ ಫಲ ಹೇಳುವ ಪಟ್ಟಿಗಳೂ ಬಂದಿವೆ. ಸೂಕ್ಷ್ಮದರ್ಶಕವಿಲ್ಲದ ಹಳ್ಳಿಗಳಲ್ಲಿ ಅವು ದೊಡ್ಡ ಉಪಕಾರ. ಆದರೂ ರೋಗಜೀವಿಗಳ ಸಂಖ್ಯೆ ಎಷ್ಟು, ಮದ್ದಿಗೆ ಅವು ಕುಗ್ಗುತ್ತಿವೆಯೇ ಎಂಬುದನ್ನು ತಿಳಿಯಲು ಗಾಜಿನ ಮೇಲಿನ ಹನಿಯನ್ನೇ ನೋಡಬೇಕು.

ರೋಗವನ್ನು ಪತ್ತೆಹಚ್ಚುವುದರಲ್ಲಿಯೇ ರಾಸ್ ನಿಲ್ಲಲಿಲ್ಲ. ಸೊಳ್ಳೆಗಳನ್ನೆಲ್ಲ ಕೊಲ್ಲುವುದು ಅಸಾಧ್ಯ, ಆದ್ದರಿಂದ ಅವನ ಶೋಧದಿಂದ ಪ್ರಯೋಜನವಿಲ್ಲವೆಂದು ಅನೇಕರು ಹೇಳುತ್ತಿದ್ದರು. ಲಾಹೋರಿನ ಬಳಿಯ ಮಿಯಾನ್ ಮೀರ್ ದಂಡಿನಲ್ಲಿ 1902ರಿಂದ ಕೆಲವು ವರ್ಷ ನಡೆದ ಸೊಳ್ಳೆ ನಿರ್ಮೂಲನದ ಪ್ರಯತ್ನವು ಕೈಗೂಡದೆ ಹೋದದ್ದು ಅವರ ಮಾತಿಗೆ ಬಲ ಕೊಟ್ಟಿತು. ಹುಡುಗತನದಲ್ಲಿ ಮೆಚ್ಚಿದ್ದ ಗಣಿತವು ಆಗ ರಾಸ್‌ನ ನೆರವಿಗೆ ಬಂದಿತು. ಸೊಳ್ಳೆಗಳೆಲ್ಲವೂ ಸಾಯಬೇಕಾಗಿಲ್ಲ, ಅವುಗಳ ಸಂಖ್ಯೆ ಒಂದು ಮಿತಿಯಿಂದ ಕೆಳಗಿಳಿದರೆ ರೋಗವು ತಾನಾಗಿ ಆರಿಹೋಗುತ್ತದೆ ಎಂಬುದನ್ನು ಅವನು ಲೆಕ್ಕದಿಂದ ತೋರಿಸಿದನು. ರೋಗಗಳು ಹರಡುವುದನ್ನು ಲೆಕ್ಕ ಹಾಕುವ ಶಾಸ್ತ್ರವು ಇಂದಿಗೂ ಆ ಅಡಿಪಾಯದ ಮೇಲೆ ನಿಂತಿದೆ. ಸೊಳ್ಳೆಗಳಲ್ಲಿಯೂ ಎಲ್ಲವೂ ಒಂದೇ ಅಲ್ಲ. ಬಯಲುಸೀಮೆಯ ಕೆರೆ ಕಾಲುವೆಗಳಲ್ಲಿ ಹುಟ್ಟುವ ಅನಾಫಿಲಿಸ್ ಜಾತಿ ಬೇರೆ, ಮಲೆನಾಡಿನ ತಿಳಿಯಾದ ತೊರೆಗಳಲ್ಲಿ ಹುಟ್ಟುವ ಜಾತಿ ಬೇರೆ. ಮೈಸೂರು ಸಂಸ್ಥಾನದಲ್ಲಿ ಅಮೆರಿಕದ ರಾಕ್‌ಫೆಲರ್ ಸಂಸ್ಥೆಯ ನೆರವಿನಿಂದ ಈ ಅಧ್ಯಯನ ನಡೆಯಿತು. 1937ರಲ್ಲಿ ಸ್ವೀಟ್ ಮತ್ತು ರಾವ್ ಎಂಬ ಸಂಶೋಧಕರು ಒಂದು ಉಪಜಾತಿಯ ಸೊಳ್ಳೆಗೆ ಮೈಸೂರಿನ ಹೆಸರನ್ನೇ ಇಟ್ಟರು. ಇಂಥ ಕೀರ್ತಿಯು ನಾಡಿಗೆ ಹಿತವೋ ಅಹಿತವೋ ಹೇಳುವುದು ಕಷ್ಟ.

ಸ್ವಾತಂತ್ರ್ಯ ಬಂದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ಚಳಿಜ್ವರ ಬರುತ್ತಿದ್ದು, ಸುಮಾರು 8 ಲಕ್ಷ ಜನ ಸಾಯುತ್ತಿದ್ದರೆಂದು ಅಂದಾಜು. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮವು ಆರಂಭವಾಗಿ, ಮನೆಮನೆಯ ಗೋಡೆಗೆ ಡಿ.ಡಿ.ಟಿ. ಸಿಂಪಡಿಸಲಾಯಿತು. ಬಳಿಕ ಆರೋಗ್ಯ ಕಾರ್ಯಕರ್ತರು ಸೂಜಿ, ಗಾಜಿನ ಫಲಕಗಳ ಚೀಲವನ್ನು ಹೊತ್ತು ಮನೆಯಿಂದ ಮನೆಗೆ ನಡೆದು, ಜ್ವರವಿದ್ದವರ ರಕ್ತ ತೆಗೆದು, ಬಂದುಹೋದ ದಿನಾಂಕವನ್ನು ಗೋಡೆಯ ಮೇಲೆ ಗುರುತು ಹಾಕುತ್ತಿದ್ದರು. 1965ರ ವೇಳೆಗೆ ದೇಶದ ರೋಗಿಗಳ ಸಂಖ್ಯೆ ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಗೆದ್ದೆವೆಂದು ಕೈ ಸಡಿಲಿಸಿದ್ದರಿಂದಲೂ, ಸೊಳ್ಳೆಗಳು ಡಿ.ಡಿ.ಟಿ.ಗೆ ಒಗ್ಗಿಕೊಂಡದ್ದರಿಂದಲೂ 1976ರಲ್ಲಿ ಅದು ಮತ್ತೆ 64 ಲಕ್ಷಕ್ಕೆ ಏರಿತು. ಸೂಕ್ಷ್ಮದರ್ಶಕಗಳಿಗೆ ಮತ್ತೆ ಬಿಡುವಿಲ್ಲದಾಯಿತು. ಇಂದು ರೋಗವು ಬಹುವಾಗಿ ತಗ್ಗಿದೆ. ತಗ್ಗಿದಷ್ಟೂ ಫಲಕಗಳಲ್ಲಿ ಉಂಗುರ ಕಾಣುವುದು ಅಪರೂಪವಾಗಿ, ಪರೀಕ್ಷಿಸುವವನ ತಾಳ್ಮೆಗೆ ಪರೀಕ್ಷೆ ಹೆಚ್ಚಿದೆ.

ರಾಸ್‌ನ ಕೊನೆಯ ವರ್ಷಗಳು ಸುಖದವಲ್ಲ. 1911ರಲ್ಲಿ ಸರ್ ಪದವಿ ಬಂದಿತು; 1914ರ ಯುದ್ಧದಲ್ಲಿ ಹಿರಿಯ ಮಗನು ಮಡಿದನು. ತನ್ನ ಶೋಧದಿಂದ ಲಕ್ಷಾಂತರ ಜನ ಬದುಕಿದರೂ ತನಗೆ ತಕ್ಕ ಪ್ರತಿಫಲ ದೊರೆಯಲಿಲ್ಲವೆಂಬ ಕೊರಗು ಅವನನ್ನು ಬಿಡಲಿಲ್ಲ. 1923ರಲ್ಲಿ ಅವನ ಆತ್ಮಕಥೆಯು ಹೊರಬಂದು ಬಹುಮಾನ ಪಡೆಯಿತು. 1926ರಲ್ಲಿ ಲಂಡನ್ನಿನ ಪಟ್ನಿಯಲ್ಲಿ ಅವನ ಹೆಸರಿನ ಸಂಶೋಧನಾಲಯವೂ ಆಸ್ಪತ್ರೆಯೂ ತೆರೆದುವು. 1927ರಲ್ಲಿ ಕಲ್ಕತ್ತೆಗೆ ಬಂದು, ತಾನು ದುಡಿದಿದ್ದ ಆಸ್ಪತ್ರೆಯ ಬಳಿ ತನಗಾಗಿ ಕಟ್ಟಿದ ಸ್ಮಾರಕದ ಬಾಗಿಲನ್ನು ತಾನೇ ಕಂಡನು. ಅದೇ ವರ್ಷ ಪಾರ್ಶ್ವವಾಯು ಬಡಿಯಿತು. ಮರುವರ್ಷ ತನ್ನ ಕಾಗದಪತ್ರಗಳನ್ನು 2,000 ಪೌಂಡುಗಳಿಗೆ ಮಾರಿದನು. 1931ರಲ್ಲಿ ಹೆಂಡತಿಯು ತೀರಿಕೊಂಡಳು. 1932ರ ಸೆಪ್ಟೆಂಬರ್ 16ರಂದು ತನ್ನ ಹೆಸರಿನ ಆಸ್ಪತ್ರೆಯಲ್ಲಿಯೇ ರಾಸ್ ಕಣ್ಣು ಮುಚ್ಚಿದನು. ಪಟ್ನಿಯ ರುದ್ರಭೂಮಿಯಲ್ಲಿ ಹೆಂಡತಿಯ ಸಮಾಧಿಯ ಪಕ್ಕದಲ್ಲಿ ಅವನನ್ನು ಮಣ್ಣು ಮಾಡಲಾಯಿತು.